ಗಾಂಧಾರಕ್ಕೆ ಎರಡನೆಯ ಪೆಟ್ಟು

ನಮ್ಮೂರಿನಲ್ಲಿ ಸತ್ತವರ ಕಡ್ಡಿ ಅಲುಗುವುದಿಲ್ಲ. ಇದನ್ನು ಹೇಳಿದರೆ ಹೊರಗಿನವರು ನಗುತ್ತಾರೆ. ನಗಲಿ ಬಿಡಿ, ಅವರ ಬಾಯಿ ಅವರ ಹಲ್ಲು. ಮೂವತ್ತೊಂದು ವರ್ಷ ಈ ಊರಿನ ಮನೆಮನೆಗೂ ಹೋಗಿ ಕಲಿಂಬಾ ಶ್ರುತಿ ಮಾಡಿಕೊಟ್ಟವಳು ನಾನು, ನನಗೆ ಗೊತ್ತಿಲ್ಲದ್ದು ಅವರಿಗೇನು ಗೊತ್ತು? ನನ್ನ ಹೆಸರು ಸಾಕಮ್ಮ. ಐದನೆಯದೂ ಹೆಣ್ಣಾದಾಗ ಅಪ್ಪ ಬೇಸತ್ತು ಇಟ್ಟ ಹೆಸರು. ಅದೇ ಅಪ್ಪ ಸಾಯುವಾಗ ತನ್ನ ಪುಟ್ಟ ಸುತ್ತಿಗೆಯನ್ನು ಉಳಿದ ನಾಲ್ವರಿಗೆ ಕೊಡದೆ ನನ್ನ ಕೈಗೇ ಕೊಟ್ಟ. ಕೊಡದಿದ್ದರೇ ಚೆನ್ನಾಗಿತ್ತು ಅಂತ ಈಗ ಅನಿಸುತ್ತದೆ.

ಇಲ್ಲಿ ಪ್ರತಿ ಮನೆಯಲ್ಲೂ ದೇವರ ಗೂಡಿನ ಪಕ್ಕದಲ್ಲಿ ಒಂದು ಕಲಿಂಬಾ ಇರುತ್ತದೆ. ಎರಡು ಅಂಗೈ ಸೇರಿಸಿದರೆ ಹಿಡಿಯುವಷ್ಟು ದೊಡ್ಡ ಹಲಸಿನ ಮರದ ಪೆಟ್ಟಿಗೆ, ಹೊಟ್ಟೆಯಲ್ಲಿ ಒಂದು ತೂತು, ಮೇಲೆ ಸಾಲಾಗಿ ಹದಿನೇಳು ಉಕ್ಕಿನ ಕಡ್ಡಿ. ಎರಡು ಹೆಬ್ಬೆರಳ ಉಗುರಿನಿಂದ ಮೀಟಬೇಕು. ನಡುವಿನ ಉದ್ದದ ಕಡ್ಡಿ, ಅಂದರೆ ಷಡ್ಜ, ಮನೆಯ ಯಜಮಾನನದು. ಅದರ ಎಡಕ್ಕಿರುವ ರಿಷಭ ಯಜಮಾನಿಯದು, ಬಲಕ್ಕಿರುವ ಗಾಂಧಾರ ಹಿರಿಯ ಮಗುವಿನದು. ಹೀಗೆ ಒಂದು ಎಡಕ್ಕೆ ಒಂದು ಬಲಕ್ಕೆ ಹಂಚಿಕೊಂಡು ಹೋಗಿ, ಅಂಚಿನ ಗಿಡ್ಡ ಕಡ್ಡಿಗಳು ಇನ್ನೂ ಹುಟ್ಟಬೇಕಾದವರಿಗೆ. ಕಡ್ಡಿಯ ತುದಿಗೆ ಸುತ್ತಿಗೆಯಿಂದ ಮೆಲ್ಲಗೆ ಒಂದು ಪೆಟ್ಟು ಕೊಟ್ಟು ಒಳಕ್ಕೆ ಸರಿಸಿದರೆ ಸ್ವರ ಏರುತ್ತದೆ, ಹೊರಕ್ಕೆ ಸರಿಸಿದರೆ ಇಳಿಯುತ್ತದೆ. ಬದುಕಿರುವವರದು ಸರಿಯುತ್ತದೆ. ಸತ್ತವರದು ಆನೆ ಕಟ್ಟಿ ಎಳೆಸಿದರೂ ಇಲ್ಲ.

ದೀಪದ ಹಬ್ಬಕ್ಕೆ ಒಂದು ತಿಂಗಳಿರುವಾಗ ಊರಿನ ಹೆಂಗಸರೆಲ್ಲ ಶಾಲೆಯ ಜಗುಲಿಯಲ್ಲಿ ಸೇರುತ್ತಾರೆ. ಆ ವರ್ಷದ ಶ್ರುತಿ ಯಾವುದೆಂದು ತೀರ್ಮಾನವಾಗಬೇಕು. ದೀಪದ ಹಾಡು ಒಂದೇ, ಅಜ್ಜಿಯ ಅಜ್ಜಿ ನುಡಿಸಿದ್ದೂ ಅದೇ, ಆದರೆ ಶ್ರುತಿ ಮಾತ್ರ ವರ್ಷಕ್ಕೊಂದು. ನಾನು ನಡುವೆ ಕೂತು ಹಳೆಯ ಒಂದು ಕಲಿಂಬಾ ಇಟ್ಟುಕೊಂಡು ಒಂದು ಕಡ್ಡಿ ಏರಿಸಿ ಒಂದು ಇಳಿಸಿ ಹಾಡಿನ ಮೊದಲ ಸಾಲು ನುಡಿಸುತ್ತಿದ್ದೆ. ಅವರು ಎಲೆಅಡಿಕೆ ಜಗಿಯುತ್ತ, "ಇದು ಚಪ್ಪೆ ಕಣೇ," "ಇದು ಪರವಾಗಿಲ್ಲ, ಇನ್ನೊಂದ್ ಚೂರು ಧೈವತ ಇಳ್ಸು," "ಅಯ್ಯೋ ತೆಗಿ, ಹೆಣದ ಮುಂದೆ ನುಡಿಸ್ದಂಗೈತೆ" ಅಂತ ತಗಾದೆ ತೆಗೆಯುತ್ತಿದ್ದರು. ರಾಗದ ಹೆಸರುಗಳು ನಮ್ಮವರ ಬಾಯಲ್ಲಿ ನಿಲ್ಲುವುದಿಲ್ಲ. ನಮ್ಮಲ್ಲಿ ಬೆಲ್ಲದ ಶ್ರುತಿ, ಬೇವಿನ ಶ್ರುತಿ, ಹುಣಸೆ ಶ್ರುತಿ, ನೆಲ್ಲಿಕಾಯಿ ಶ್ರುತಿ. ಹುಣಸೆಯಲ್ಲಿ ಗಾಂಧಾರ ಇಳಿದು ಕೂತಿರುತ್ತದೆ, ಕೇಳಿದರೆ ಗಂಟಲು ಕಟ್ಟುತ್ತದೆ. ಮಿಕ್ಕ ಎಲ್ಲದರಲ್ಲೂ ಗಾಂಧಾರ ಏರಿಯೇ ಇರಬೇಕು. ಈ ಒಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಶ್ರುತಿ ಗೊತ್ತಾದ ಮೇಲೆ ನಾನು ಸುತ್ತಿಗೆ ಹಿಡಿದು ಮನೆಮನೆ ಸುತ್ತಬೇಕು. ಬದುಕಿರುವವರ ಕಡ್ಡಿಗಳೆಲ್ಲ ಹೊಸ ಶ್ರುತಿಗೆ ಬರುತ್ತವೆ, ಸತ್ತವರದು ಅವರು ಹೋದ ವರ್ಷದಲ್ಲೇ ನಿಂತಿರುತ್ತದೆ. ಹಾಗಾಗಿ ಹಬ್ಬದ ದಿನ ದೀಪ ಹಚ್ಚುವ ಮುಂಚೆ ಹೊಸ್ತಿಲ ಮೇಲೆ ಕೂತು ಹಾಡು ನುಡಿಸಿದರೆ, ಯಾವ ಮನೆಯಲ್ಲಿ ಯಾರು ಯಾವಾಗ ಹೋದರು ಅಂತ ಬೀದಿಯಲ್ಲಿ ನಿಂತವರಿಗೆ ಗೊತ್ತಾಗಿಬಿಡುತ್ತದೆ. ಗಂಡಸರು ಇಲ್ಲೂ ಪುಣ್ಯವಂತರು. ಷಡ್ಜ ಯಾವ ಶ್ರುತಿಯಲ್ಲೂ ಬದಲಾಗುವುದಿಲ್ಲ, ಯಜಮಾನ ಸತ್ತು ಇಪ್ಪತ್ತು ವರ್ಷವಾದರೂ ಹಾಡಿಗೆ ಕೊರತೆಯಿಲ್ಲ. ಹೆಂಗಸು ಹೋದರೆ ಮಾತ್ರ ಇಡೀ ಊರಿಗೆ ಕೇಳಿಸುತ್ತದೆ.

ಊರು ಬಿಟ್ಟು ಹೋದವರಿಗೆ ಕಾಗದ ಬರೆಯುವ ಪದ್ಧತಿ ನಮ್ಮಲ್ಲಿಲ್ಲ. ಜಗಳವಾಡಿ ಹೋದವರು ಹಬ್ಬದ ಸಂಜೆ ಬೀದಿಯ ತುದಿಗೆ ಬಂದು ನಿಂತು ಕೇಳುತ್ತಾರೆ. ತಮ್ಮ ಕಡ್ಡಿ ಆ ವರ್ಷದ ಶ್ರುತಿಗೆ ಬಂದಿದ್ದರೆ 'ಬಾ' ಅಂತ ಅರ್ಥ, ನೆಟ್ಟಗೆ ಒಳಗೆ ನಡೆದುಬಂದು ಎಲೆಯ ಮುಂದೆ ಕೂತುಕೊಳ್ಳಬಹುದು, ಯಾರೂ ಏನೂ ಕೇಳುವಂತಿಲ್ಲ. ಕಡ್ಡಿಯನ್ನು ಮುಟ್ಟದೆ ಹಳೆಯ ಶ್ರುತಿಯಲ್ಲೇ ಬಿಟ್ಟಿದ್ದರೆ, ನೀನು ನಮ್ಮ ಪಾಲಿಗೆ ಸತ್ತೆ ಅಂತ. ಅದಕ್ಕೇ ಶ್ರುತಿ ಮಾಡುವವಳಿಗೆ ಒಂದು ಕಟ್ಟು ಇದೆ. ಯಾರ ಕಡ್ಡಿಯನ್ನೂ ಒಂದೇ ಪೆಟ್ಟಿಗೆ ಅಲುಗಲಿಲ್ಲ ಅಂತ ಬಿಡಬಾರದು. ಮನೆಯವರ ಎದುರಿಗೇ ಮೂರು ಪೆಟ್ಟು ಹಾಕಬೇಕು, ಮೂರಕ್ಕೂ ಅಲುಗದಿದ್ದರೆ ಸುತ್ತಿಗೆ ಕೆಳಗಿಟ್ಟು, ಇವರು ಹೋದರು ಅಂತ ಬಾಯಿಬಿಟ್ಟು ಹೇಳಬೇಕು.

ಹಾಗೆ ಹೇಳುವುದು ಏನು ಅಂತ ನನಗೆ ಗೊತ್ತಿದೆ. ಚರ್ಚ್ ಬೀದಿಯ ಫಿಲೋಮಿನಾಳ ಮನೆಯಲ್ಲಿ ಹೇಳಿದ್ದೆ. ಅವರಿಗೆ ಕ್ರಿಸ್‌ಮಸ್ಸಿಗೆ ಶ್ರುತಿಯಾಗಬೇಕು, ಡಿಸೆಂಬರಿನಲ್ಲಿ ಕರೆಯುತ್ತಾರೆ. ಮಗ ಅರುಳಪ್ಪ ದೋಣಿ ಕೆಲಸಕ್ಕೆ ಹೋಗಿ ಎರಡು ವರ್ಷವಾಗಿತ್ತು. ಆಕೆ ಒಲೆಯ ಮೇಲೆ ಹಬ್ಬದ ಸಿಹಿತಿಂಡಿ ಕಲ್ಕಲ್ ಕರಿಯುತ್ತ, ಹೋದ ಹಬ್ಬದಲ್ಲಿ ತಾನು ನುಡಿಸಿದ, ಯೇಸು ಹುಟ್ಟಿದ ಗೋದಲಿಯ ಹಾಡನ್ನು ಗುನುಗುತ್ತ ಇದ್ದಳು. ನಾನು ಮೂರು ಪೆಟ್ಟು ಹಾಕಿದೆ. ಸುತ್ತಿಗೆ ಕೆಳಗಿಟ್ಟೆ. ಫಿಲೋಮಿನಾ ಅಳಲಿಲ್ಲ, ಬಂದು ಅದೇ ಸುತ್ತಿಗೆ ತೆಗೆದುಕೊಂಡು ತಾನು ಹೊಡೆಯತೊಡಗಿದಳು. ಎಣ್ಣೆ ಹೊತ್ತಿ ಹೊಗೆ ತುಂಬಿದರೂ ಹೊಡೆಯುತ್ತಲೇ ಇದ್ದಳು, ಹೆಬ್ಬೆರಳು ಜಜ್ಜಿ ರಕ್ತ ಬಂದರೂ ನಿಲ್ಲಿಸಲಿಲ್ಲ. ಕೊನೆಗೆ ನನ್ನ ಮುಖ ನೋಡಿ, "ನೀ ಬರ್ದೇ ಇದ್ದಿದ್ರೆ ಅವ್ನು ಇರ್ತಿದ್ದ" ಅಂದಳು. ಆಮೇಲೆ ನಾನು ಅವಳ ಬೀದಿಗೆ ಕಾಲಿಟ್ಟರೆ ಕಿಟಕಿ ಮುಚ್ಚಿಕೊಳ್ಳುತ್ತಿತ್ತು. ಆ ವರ್ಷದಿಂದ ನನ್ನ ಕೈಗೆ ಒಂದು ಅಳುಕು ಹೊಕ್ಕಿತು.

ಇಷ್ಟೆಲ್ಲ ಹೇಳಿದ್ದು ತಿಮ್ಮಾಜಕ್ಕನ ವಿಷಯಕ್ಕೆ. ತಿಮ್ಮಾಜಮ್ಮ ನನಗೆ ಒಡಹುಟ್ಟಿದವಳಲ್ಲ, ಆದರೆ ಒಡಹುಟ್ಟಿದವರು ನಾಲ್ವರೂ ಸೇರಿ ಅವಳಷ್ಟು ಆಗಲಿಲ್ಲ. ನಮ್ಮ ಮನೆಯಿಂದ ಮೂರನೆಯ ಬಾಗಿಲಲ್ಲಿ ಅವಳ ಪುರಿ ಬಟ್ಟಿ. ಉಪ್ಪುನೀರು ಹಿಡಿದ ಅಕ್ಕಿಯನ್ನು ಕಾದ ಮರಳಿಗೆ ಸುರಿದರೆ ಚಟಪಟ ಅಂತ ಮಲ್ಲಿಗೆಯ ಹಾಗೆ ಅರಳುತ್ತಿತ್ತು. ಗಂಡ ಕೆಂಚಪ್ಪ ಮಗು ಆರು ತಿಂಗಳಿರುವಾಗಲೇ ತೀರಿಕೊಂಡ. ಆಮೇಲೆ ಇಪ್ಪತ್ತೆಂಟು ವರ್ಷ ಆ ಬಟ್ಟಿಯ ಮುಂದೆ ಕೂತು ಮಗಳು ಇಂದ್ರಾಣಿಯನ್ನು ಸಾಕಿದಳು. ಆ ಸದ್ದಿನ ಮುಂದೆ ಕೂತು ಕೂತು ಕಿವಿ ಮಂದವಾಯಿತು. ಕೂಗಿದರೆ ಕೇಳಿಸುತ್ತಿತ್ತು, ಸ್ವರದ ಸಣ್ಣ ಏರಿಳಿತ ಹತ್ತುತ್ತಿರಲಿಲ್ಲ. ಹಬ್ಬದ ಹಾಡನ್ನು ಬೆರಳಿನ ನೆನಪಿನಲ್ಲೇ ನುಡಿಸುತ್ತಿದ್ದಳು.

ಇಂದ್ರಾಣಿಗೆ ಕಲಿಂಬಾ ಕಲಿಸಿದವಳು ನಾನು. ಎಡ ಹೆಬ್ಬೆರಳು ಭಾರ ಅವಳದು. "ಮೆಲ್ಲಗೆ ಕಣೇ, ಅದು ನಿಮ್ಮವ್ವನ ಕಡ್ಡಿ, ಒನಕೆಯಲ್ಲ ಕುಟ್ಟೋಕೆ" ಅಂದರೆ, "ನಮ್ಮವ್ವಂಗೆ ಜೋರಾಗಿ ಹೊಡುದ್ರೇನೇ ಕೇಳ್ಸೋದು ಚಿಕ್ಕವ್ವ" ಅಂತ ನಗುತ್ತಿದ್ದಳು. ಇಪ್ಪತ್ತೆಂಟನೆಯ ವಯಸ್ಸಿಗೆ ಅವಳು ನದಿಯಾಚೆಯ ಒಬ್ಬ ಪಾತ್ರೆ ಕಲಾಯಿ ಹಾಕುವವನನ್ನು ಮೆಚ್ಚಿದಳು. ತಿಮ್ಮಾಜಕ್ಕ ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆಯಿತು. "ಹೊಸ್ಲು ದಾಟಿದ್ರೆ ಹಿಂದಕ್ಕೆ ತಿರುಗಿ ನೋಡ್ಬ್ಯಾಡ" ಅಂದಳು ತಾಯಿ. ಮಗಳೂ ಅವಳ ಹೊಟ್ಟೆಯಲ್ಲೇ ಹುಟ್ಟಿದವಳು, ದಾಟಿಯೇಬಿಟ್ಟಳು. ಅದು ಹುಣಸೆ ಶ್ರುತಿಯ ವರ್ಷ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ, ಮೂರು ದಿನ ಕಳೆಯುವುದರೊಳಗೆ ತಿಮ್ಮಾಜಕ್ಕನ ಸಿಟ್ಟು ಇಳಿದು ಹೋಗಿತ್ತು. ಅಂದಿನಿಂದ ಮುಂದಿನ ಹಬ್ಬಕ್ಕೆ ಕಾಯತೊಡಗಿದಳು. "ನನ್ ಮಗಳ ಕಡ್ಡಿ ಚೆನ್ನಾಗಿ ಕೂಡ್ಸು ಸಾಕೂ. ಬೀದಿ ತುದೀಲಿ ನಿಂತ್ರೂ ಕೇಳ್ಬೇಕು ಅವ್ಳಿಗೆ" ಅಂತ ವರ್ಷವಿಡೀ ನನಗೆ ಹೇಳಿದಳು.

ಮುಂದಿನ ವರ್ಷ ಬೆಲ್ಲದ ಶ್ರುತಿ. ಎಲ್ಲರ ಮನೆಯಲ್ಲೂ ಗಾಂಧಾರ ಏರಬೇಕು. ತಿಮ್ಮಾಜಕ್ಕ ಬಟ್ಟಿಯ ಮುಂದೆ ಕೂತಿದ್ದಳು, ನಾನು ನಡುಮನೆಯಲ್ಲಿ ಕಲಿಂಬಾ ತೊಡೆಯ ಮೇಲಿಟ್ಟುಕೊಂಡೆ. ಅವಳ ರಿಷಭ ಸರಿಯಾಗಿಯೇ ಇತ್ತು. ಇಂದ್ರಾಣಿಯ ಗಾಂಧಾರಕ್ಕೆ ಒಂದು ಪೆಟ್ಟು ಕೊಟ್ಟೆ. ಅಲುಗಲಿಲ್ಲ.

ಫಿಲೋಮಿನಾಳ ಜಜ್ಜಿದ ಹೆಬ್ಬೆರಳು ಕಣ್ಣಮುಂದೆ ಬಂತು. ಕಟ್ಟಿನ ಪ್ರಕಾರ ತಿಮ್ಮಾಜಕ್ಕನನ್ನು ಕರೆದು ಎದುರಿಗೆ ಕೂರಿಸಿ ಇನ್ನೆರಡು ಪೆಟ್ಟು ಹಾಕಬೇಕಿತ್ತು. ಅವಳು ಅಲ್ಲಿಂದಲೇ ಕೂಗಿದಳು: "ಅಲುಗ್ತಾ, ಸಾಕೂ?"

ನಾನು ಎರಡನೆಯ ಪೆಟ್ಟು ಹಾಕಲಿಲ್ಲ. "ಅಲುಗ್ತು ಕಣಕ್ಕಾ!" ಅಂತ ಕೂಗಿಬಿಟ್ಟೆ.

ತಿಮ್ಮಾಜಕ್ಕ ಜರಡಿ ಬಿಟ್ಟು ಎದ್ದು ಬಂದಳು. ಮರಳಿನ ಬಿಸಿಗೆ ಕೆಂಪಾದ ಮುಖ, ಕಣ್ಣಲ್ಲಿ ನೀರು. ಒಂದು ಸೇರು ಬಿಸಿ ಪುರಿಯನ್ನು ತಂದು ನನ್ನ ಮಡಿಲಿಗೆ ಸುರಿದು, "ತಗೊ, ನಿನ್ ಬಾಯಿಗೆ ಸಕ್ರೆ ಹಾಕ್ಬೇಕಿತ್ತು, ಮನೇಲಿ ಇರೋದ್ ಇದೇ" ಅಂದಳು. ನಾನು ಅದನ್ನು ತಿಂದೆ. ತಿಂದೆ ಅಂತ ಹೇಳುವುದಕ್ಕೂ ಈಗ ನಾಚಿಕೆಯಾಗುತ್ತದೆ.

ಆ ಹಬ್ಬದ ಸಂಜೆ ಅವಳು ಹೊಸ್ತಿಲ ಮೇಲೆ ಕೂತು ಹಾಡು ನುಡಿಸಿದಳು. ಬೀದಿಯೆಲ್ಲ ಬೆಲ್ಲ, ಅವಳ ಮನೆಯೊಂದರಲ್ಲಿ ಗಾಂಧಾರ ಬಂದಾಗಲೆಲ್ಲ ಹುಣಸೆ. ಅವಳಿಗೆ ಕೇಳಿಸಲಿಲ್ಲ, ಬೀದಿಗೆ ಕೇಳಿಸಿತು. ಅಕ್ಕಪಕ್ಕದವರು ತಲೆ ಬಗ್ಗಿಸಿಕೊಂಡರು. ಅಯ್ಯೋ ಪಾಪ, ಇಂದ್ರಾಣಿ ಹೋಗಿಬಿಟ್ಟಳು ಅಂತ ಕೆಲವರು ತಿಳಿದರು, ತಾಯಿ ಹಟಮಾರಿ, ಮಗಳ ಕಡ್ಡಿ ಮುಟ್ಟಿಸಲಿಲ್ಲ ಅಂತ ಕೆಲವರು. ಹೋದವರ ಹೆಸರನ್ನು ಮನೆಯವರ ಮುಂದೆ ನಾವು ಎತ್ತುವುದಿಲ್ಲ. ಹಾಗಾಗಿ ಅವಳ ಹತ್ತಿರ ಯಾರೂ ಕೇಳಲಿಲ್ಲ, ನನ್ನ ಹತ್ತಿರವೂ ಕೇಳಲಿಲ್ಲ. ತಿಮ್ಮಾಜಕ್ಕ ದೀಪ ಹಚ್ಚಿ, ಒಂದು ಎಲೆ ಹೆಚ್ಚಿಗೆ ಹಾಕಿ, ಅನ್ನ ತಣ್ಣಗಾಗುವವರೆಗೂ ಬೀದಿ ನೋಡಿದಳು. "ಬರ್ಲಿಲ್ವಲ್ಲ ಸಾಕೂ. ಕೇಳಿಸ್ಕೊಂಡೂ ಬರ್ಲಿಲ್ಲ ಅಂದ್ರೆ ನನ್ ಮೇಲೆ ಇನ್ನೂ ಕ್ವಾಪ ಐತೆ ಅವ್ಳಿಗೆ" ಅಂದಳು. ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಸತ್ತಿದ್ದಾಳೆ ಅನ್ನುವುದಕ್ಕಿಂತ ಕೋಪ ಮಾಡಿಕೊಂಡಿದ್ದಾಳೆ ಅನ್ನುವುದೇ ತಾಯಿಗೆ ಮೇಲು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಹೀಗೆ ಆರು ವರ್ಷ. ಪ್ರತಿ ವರ್ಷ ಆ ಮನೆಗೆ ಹೋಗುವುದು, ಗಾಂಧಾರವನ್ನು ಬಿಟ್ಟು ಪಕ್ಕದ ಮರಕ್ಕೆ ಸುತ್ತಿಗೆ ತಾಗಿಸಿ ಟಕ್ ಅನ್ನಿಸುವುದು. "ಅಲುಗ್ತಾ, ಸಾಕೂ?" "ಅಲುಗ್ತು ಕಣಕ್ಕಾ." ಮಡಿಲಿಗೆ ಒಂದು ಸೇರು ಪುರಿ. ಇನ್ನೊಂದು ಪೆಟ್ಟು ಹಾಕಿ ನೋಡಬಾರದಾಗಿತ್ತೇ ಅಂತ ನೀವು ಕೇಳುತ್ತೀರಿ. ನಾನೂ ಕೇಳಿಕೊಂಡಿದ್ದೇನೆ. ಒಂದು ಪೆಟ್ಟಿಗೆ ಅಲುಗದ ಕಡ್ಡಿ ಬದುಕಿರಲೂಬಹುದು, ಮೂರಕ್ಕೂ ಅಲುಗದಿದ್ದರೆ ಮುಗಿಯಿತು. ಹಾಕದೆ ಇದ್ದರೆ ಹುಡುಗಿ ಎಲ್ಲೋ ಒಂದು ಕಡೆ ಇರುತ್ತಾಳೆ ಅಂತ ನನ್ನ ಲೆಕ್ಕಾಚಾರ. ಎಂಥಾ ಬುದ್ಧಿ ನೋಡಿ.

ಒಂದು ಉಪಾಯ ಮಾತ್ರ ಮಾಡಿದೆ. ವರ್ಷವರ್ಷವೂ ಶಾಲೆಯ ಜಗುಲಿಯಲ್ಲಿ ಹುಣಸೆ ಶ್ರುತಿಗಾಗಿ ವಾದಿಸಿದೆ. ಊರೆಲ್ಲ ಹುಣಸೆಗೆ ಬಂದುಬಿಟ್ಟರೆ ತಿಮ್ಮಾಜಕ್ಕನ ಮನೆಯ ಹಾಡೂ ಎಲ್ಲರ ಹಾಡಿನ ಹಾಗೆಯೇ ಇರುತ್ತದಲ್ಲ, ಒಂದು ಹಬ್ಬವಾದರೂ ಆ ಸುಳ್ಳು ಕಿವಿಗೆ ಚುಚ್ಚದೆ ಕಳೆಯುತ್ತದೆ ಅಂತ. ಧೈವತ ಏರಿಸಿ ನೋಡಿದೆ, ನಿಷಾದ ಬಿಟ್ಟು ನೋಡಿದೆ, ಇಳಿದ ಗಾಂಧಾರದ ಪಕ್ಕಕ್ಕೆ ಏರಿದ ಮಧ್ಯಮ ಇಟ್ಟು ಹುಳಿಯನ್ನು ಮರೆಸಲು ನೋಡಿದೆ. ಆ ಆರು ವರ್ಷದಲ್ಲಿ ನಾನು ಹುಡುಕಿದಷ್ಟು ಶ್ರುತಿಗಳನ್ನು ನಮ್ಮಪ್ಪ ಜೀವಮಾನದಲ್ಲಿ ಹುಡುಕಿರಲಿಲ್ಲ. ಹೆಂಗಸರು ಒಪ್ಪಲಿಲ್ಲ. "ಹೋಗೇ ಸಾಕಿ, ಹಬ್ಬದ ದಿನ ಹುಳಿ ಮೋರೆ ಯಾಕೆ ನಮ್ಗೆ? ನಿಂಗೇನು ಬಯಕೆ ಶುರುವಾಗೈತಾ ಈ ವಯಸ್ನಲ್ಲಿ, ಹುಣಸೆ ಹುಣಸೆ ಅಂತೀಯ?" ಅಂತ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ತಿಮ್ಮಾಜಕ್ಕ ಎಲ್ಲರಿಗಿಂತ ಜೋರಾಗಿ, "ಬೆಲ್ಲವೇ ಇರ್ಲಿ ಕಣ್ರೇ, ನನ್ ಮಗಳು ಬಂದ್ರೆ ಸಿಹಿ ಕೇಳ್ಕೊಂಡು ಬರ್ಲಿ" ಅಂದಳು. ಹೋದ ವರ್ಷ ಅವಳ ಮಾತಿಗೆ ಬೆಲ್ಲವೇ ಆಯಿತು.

ಈ ವರ್ಷ ನೆಲ್ಲಿಕಾಯಿ ಶ್ರುತಿ. ಮೊದಲು ಒಗರು, ಆಮೇಲೆ ಸಿಹಿ: ರಿಷಭ ಇಳಿಯಬೇಕು, ಗಾಂಧಾರ ಏರಬೇಕು. ಹಬ್ಬಕ್ಕೆ ಹತ್ತು ದಿನ ಇರುವಾಗ ನಾನು ಹೋದೆ. ತಿಮ್ಮಾಜಕ್ಕ ಬಟ್ಟಿ ಹಚ್ಚಿರಲಿಲ್ಲ. ಎದೆ ಹಿಡಿದುಕೊಂಡ ಹಾಗಾಗುತ್ತದೆ ಅಂತ ಗೋಡೆಗೆ ಒರಗಿ ಕೂತಿದ್ದಳು.

"ಸಾಕೂ, ಈ ವರ್ಷ ನನ್ನೆದ್ರುಗೇ ಹೊಡಿ. ನಂಗೆ ಕಿವಿ ಇಲ್ಲ, ಬೆರಳೈತೆ. ನನ್ ಮಗಳ ಕಡ್ಡಿ ಮೇಲೆ ಬೆರಳು ಇಟ್ಕೋತೀನಿ. ಅದು ಅಲುಗೋದ್ನ ನಾ ಒಂದ್ಸಲ ಮುಟ್ಬೇಕು" ಅಂದಳು. ಕಲಿಂಬಾವನ್ನು ಅವಳೇ ತೊಡೆಯ ಮೇಲೆ ಇಟ್ಟುಕೊಂಡು, ಬಿಸಿ ಮರಳಿಗೆ ಸುಟ್ಟು ಸುಟ್ಟು ದಪ್ಪಗಾದ ತೋರುಬೆರಳನ್ನು ಗಾಂಧಾರದ ಮೇಲಿಟ್ಟು ಕಾಯತೊಡಗಿದಳು.

"ಅಕ್ಕ, ಈ ಸುತ್ತಿಗೆ ಕಾವು ಸಡ್ಲಾಗೈತೆ, ಸರಿ ಮಾಡಿಸ್ಕೊಂಡು ನಾಳೆ ಬತ್ತೀನಿ" ಅಂದೆ.

"ನಾಳೆ ಖಂಡಿತ?"

"ಖಂಡಿತ ಕಣಕ್ಕ."

ಅವಳು ಬೆರಳು ತೆಗೆಯಲಿಲ್ಲ. ಬಾಗಿಲ ಹತ್ತಿರ ತಿರುಗಿ ನೋಡಿದಾಗಲೂ ಹಾಗೇ ಕೂತಿದ್ದಳು. ನಾನು ಮರುದಿನ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ, ಅಂಗಡಿ ಬೀದಿಯ ಮನೆಗಳನ್ನು ಮೊದಲು ಮುಗಿಸುತ್ತೇನೆ ಅಂತ ನೆಪ ಹೇಳಿ ಕಳಿಸಿದೆ. ಮೂರನೆಯ ಬೆಳಗ್ಗೆ ಹಾಲಿನವನು ಬಂದು ಹೇಳಿದ, ತಿಮ್ಮಾಜಮ್ಮ ಬಾಗಿಲು ತೆಗೀತಿಲ್ಲ ಅಂತ.

ಮಣ್ಣು ಮಾಡಿ ಬಂದೆವು. ಸಾವಿನ ಮನೆಯಲ್ಲೂ ಹಬ್ಬದ ಹಾಡು ನಿಲ್ಲುವಂತಿಲ್ಲ, ನುಡಿಸುವವರು ಇಲ್ಲದಿದ್ದರೆ ಶ್ರುತಿ ಮಾಡುವವಳೇ ನುಡಿಸಿ ಮುಗಿಸಬೇಕು. ಅದಕ್ಕೆ ದೀಪದ ಹಬ್ಬದ ದಿನ ಮಧ್ಯಾಹ್ನ ನಾನೊಬ್ಬಳೇ ಆ ಮನೆಯ ಬೀಗ ತೆಗೆದು ಒಳಗೆ ಹೋದೆ. ಬಟ್ಟಿಯ ಬೂದಿ ಹಾಗೇ ಇತ್ತು. ಕಲಿಂಬಾ ಅವಳು ಒರಗಿ ಕೂತ ಜಾಗದಲ್ಲೇ ಇತ್ತು.

ಮೊದಲು ಅವಳ ರಿಷಭಕ್ಕೆ ಮೂರು ಪೆಟ್ಟು ಹಾಕಬೇಕು. ಸತ್ತದ್ದು ಗೊತ್ತಿದ್ದರೂ ಹಾಕಬೇಕು, ಅದು ಕಟ್ಟು. ಒಂದು. ಎರಡು. ಮೂರು. ಬಂಡೆಗೆ ಹೊಡೆದ ಹಾಗೆ, ಒಂದು ಕೂದಲೆಳೆಯೂ ಸರಿಯಲಿಲ್ಲ, ಹೋದ ವರ್ಷದ ಬೆಲ್ಲದಲ್ಲೇ ನಿಂತಿತು. ನಾನು ಸುತ್ತಿಗೆ ಕೆಳಗಿಟ್ಟು ಅತ್ತೆ. ಅಳುತ್ತಿರುವಾಗಲೇ ಒಂದು ವಿಷಯ ಹೊಳೆಯಿತು. ಸತ್ತ ಕಡ್ಡಿ ಸುತ್ತಿಗೆಗೆ ಎಷ್ಟು ಮೂಕವಾಗಿ ಸಿಗುತ್ತದೆ! ಆರು ವರ್ಷದ ಹಿಂದೆ ಗಾಂಧಾರ ಹೀಗೆ ಸಿಕ್ಕಿತ್ತೇ? ಇಲ್ಲ. ಅದು ಅಲುಗಲಿಲ್ಲ, ಆದರೆ ಕೈಗೆ ಒಂದು ನಡುಕ ಕೊಟ್ಟಿತ್ತು. ಹೆದರಿಕೆಯಲ್ಲಿ ನಾನು ಅದನ್ನು ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ.

ಇನ್ನು ಯಾರಿಗೆ ಹೆದರಬೇಕು? ಗಾಂಧಾರಕ್ಕೆ ಎರಡನೆಯ ಪೆಟ್ಟು ಹಾಕಿದೆ. ಕಡ್ಡಿಗಳ ಕೆಳಗೆ ಆನಿಕೆ ಕೊಡುವ ಕುದುರೆಯ ಹತ್ತಿರದಿಂದ ಚೂರು ತುಕ್ಕು ಉದುರಿತು, ಕಡ್ಡಿ ಸರಕ್ಕನೆ ಒಳಗೆ ಸರಿಯಿತು.

ತುಕ್ಕು. ಪುರಿ ಬಟ್ಟಿಯ ಮನೆ, ಗಾಳಿಯಲ್ಲೆಲ್ಲ ಉಪ್ಪು. ಹನ್ನೆರಡು ತಿಂಗಳು ಮುಟ್ಟದೆ ಇಟ್ಟ ಉಕ್ಕು ತುಕ್ಕು ಹಿಡಿಯದೆ ಇನ್ನೇನಾಗುತ್ತದೆ? ಅಮ್ಮನ ಕಡ್ಡಿಯನ್ನು ದಿನವೂ ಅಮ್ಮ ಮೀಟುತ್ತಿದ್ದಳು, ಮಗಳದ್ದನ್ನು ಮಗಳು ಹೋದ ಮೇಲೆ ಹಬ್ಬದವರೆಗೆ ಮುಟ್ಟಿರಲಿಲ್ಲ. ಹೊಸದಾಗಿ ಕೆಲಸ ಕಲಿಯುವವರಿಗೂ ತಿಳಿಯುವ ಮಾತು. ಮೂವತ್ತೊಂದು ವರ್ಷ ಸುತ್ತಿಗೆ ಹಿಡಿದ ನನಗೆ ತಿಳಿಯಲಿಲ್ಲ, ಯಾಕೆಂದರೆ ತಿಳಿಯುವುದೇ ನನಗೆ ಬೇಡವಾಗಿತ್ತು. ಹುಡುಗಿ ಬದುಕಿದ್ದಾಳೆ. ಆರು ವರ್ಷವೂ ಬದುಕಿದ್ದಳು. ತಿಮ್ಮಾಜಕ್ಕನ ಬೆರಳು ಇದರ ಮೇಲೆ ಇದ್ದಾಗ ನಾನು ಒಂದು ಪೆಟ್ಟು ಹಾಕಿದ್ದರೆ ಸಾಕಿತ್ತು. ನನ್ನ ಹಣೆಯನ್ನು ಗೋಡೆಗೆ ಚಚ್ಚಿಕೊಳ್ಳೋಣ ಅನಿಸಿತು.

ಸಂಜೆ ಹೊಸ್ತಿಲ ಮೇಲೆ ಕೂತೆ. ಬೀದಿಯುದ್ದಕ್ಕೂ ನೆಲ್ಲಿಕಾಯಿ ಶ್ರುತಿಯಲ್ಲಿ ಹಾಡು ಶುರುವಾಗಿತ್ತು, ಹಾಡು ಮುಗಿದ ಮನೆಗಳಲ್ಲಿ ಒಂದೊಂದೇ ದೀಪ ಹತ್ತುತ್ತಿತ್ತು. ನಾನು ನುಡಿಸಿದೆ. ತಿಮ್ಮಾಜಕ್ಕನ ರಿಷಭ ಇಳಿಯದೆ ನಿಂತಿತ್ತು, ಇಂದ್ರಾಣಿಯ ಗಾಂಧಾರ ಏರಿ ಬಂದಿತ್ತು. ಹಾಗಾಗಿ ನೆಲ್ಲಿಕಾಯಿಯ ವರ್ಷದಲ್ಲಿ ಆ ಒಂದು ಮನೆಯ ಹಾಡು ಮಾತ್ರ ಬೆಲ್ಲವಾಗಿ ಕೇಳಿಸಿತು. ಅವ್ವ ಎಡಕ್ಕೆ, ಮಗಳು ಬಲಕ್ಕೆ, ಒಂದೇ ಶ್ರುತಿಯಲ್ಲಿ. ಎದುರುಮನೆಯವರು ನುಡಿಸುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು.

ಎರಡನೆಯ ಸಾಲು ಮುಗಿಯುವ ಮುಂಚೆಯೇ ಬೀದಿಯ ತುದಿಯಿಂದ, ಹಾಲಿನ ಡಿಪೋ ಹಿಂದಿನಿಂದ, ತಲೆಗೆ ಸೆರಗು ಹೊದ್ದ ಒಬ್ಬಳು ಓಡಿಬರುವುದು ಕಾಣಿಸಿತು. ಸೆರಗು ಜಾರಿತು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಅವಳು ಓಡುತ್ತಲೇ "ಅವ್ವಾ! ಅವ್ವೋ!" ಅಂತ ಕೂಗಿದಳು, ಕಿವಿ ಮಂದದವಳಿಗೆ ಕೇಳಿಸುವಷ್ಟು ಜೋರಾಗಿ. ನನ್ನನ್ನು ದಾಟಿ ಒಳಗೆ ಹೋದಳು. ನಡುಮನೆ, ಅಡುಗೆಮನೆ, ಹಿತ್ತಿಲ ಬಟ್ಟಿ. "ಅವ್ವ, ನಾ ಬಂದೆ ಕಣವ್ವ, ಎಲ್ಲಿದ್ದೀಯ?" ನನ್ನ ಹೆಬ್ಬೆರಳು ಕಡ್ಡಿಯ ಮೇಲೆಯೇ ನಿಂತುಬಿಟ್ಟಿತು.

ಅವಳು ಹೊರಗೆ ಬಂದಾಗ ಮುಖದಲ್ಲಿ ಇನ್ನೂ ನಗು ಇತ್ತು. "ಚಿಕ್ಕವ್ವ, ನೀನ್ಯಾಕೆ ನುಡಿಸ್ತಿದೀಯ? ಅವ್ವ ಎಲ್ಲಿ? ಈ ಸಲ ನನ್ ಕಡ್ಡಿ ಕೂಡ್ಸಿದಾಳೆ! ಕೇಳಿಸ್ತು ನಂಗೆ, ಅಲ್ಲಿಗೇ ಕೇಳಿಸ್ತು!"

ನಾನು ಕಲಿಂಬಾವನ್ನು ಅವಳ ಮುಂದೆ ಹಿಡಿದೆ. ಅವಳು ಎಡ ಹೆಬ್ಬೆರಳಿನಿಂದ ರಿಷಭವನ್ನು ಮೀಟಿದಳು. ಮತ್ತೆ ಮೀಟಿದಳು. ಬೀದಿಯ ಹಾಡಿಗೆ ಒಂದು ಕ್ಷಣ ಕಿವಿ ಕೊಟ್ಟಳು. ಈ ಊರಿನಲ್ಲಿ ಹುಟ್ಟಿದವಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಗು ಇಳಿಯಿತು. ನೆಲದ ಮೇಲಿದ್ದ ಸುತ್ತಿಗೆ ಎತ್ತಿಕೊಂಡು ಅವ್ವನ ಕಡ್ಡಿಗೆ ತಾನೇ ಮೂರು ಪೆಟ್ಟು ಹಾಕಿದಳು, ಹಾಕಿ ಕೆಳಗಿಟ್ಟಳು.

"ಯಾವಾಗ?"

"ಏಳು ದಿನ ಆಯ್ತು."

"ಮತ್ತೆ ನನ್ ಕಡ್ಡಿ ಕೂಡ್ಸಿದ್ದು?"

"ಇವತ್ತು ಮಧ್ಯಾಹ್ನ. ನಾನು."

ಆಮೇಲೆ ನಾನು ಎಲ್ಲವನ್ನೂ ಹೇಳಿದೆ. ಒಂದನ್ನೂ ಬಚ್ಚಿಡಲಿಲ್ಲ, ಆ ಮೊದಲನೆಯ ಪೆಟ್ಟು, ಮರದ ಮೇಲಿನ ಟಕ್ ಸದ್ದು, ಕೊನೆಗೆ ಅವಳವ್ವ ಬೆರಳಿಟ್ಟು ಕೂತದ್ದು. ಇಂದ್ರಾಣಿ ಹೊಸ್ತಿಲಿಗೆ ಒರಗಿ ಕೂತು ಕೇಳಿದಳು. ಬೈಯುತ್ತಾಳೆ, ಕೆನ್ನೆಗೆ ಬಾರಿಸುತ್ತಾಳೆ ಅಂತ ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಆರು ವರ್ಷನೂ ಬಂದಿದ್ದೆ ಚಿಕ್ಕವ್ವ. ಆ ಡಿಪೋ ಹಿಂದೆ ನಿಂತ್ಕೋತಿದ್ದೆ. ನನ್ ಗಾಂಧಾರ ಬಂದಾಗ್ಲೆಲ್ಲ ಅದೇ ಹುಣಸೆ. ನಮ್ಮವ್ವಂಗೆ ಇಷ್ಟು ಹಟವಾ ಅಂತ ಬಾಯಿಗೆ ಬಂದಂಗೆ ಬೈಕೊಂಡು ವಾಪಸ್ ಹೋಗ್ತಿದ್ದೆ" ಅಂದಳು. ಆಮೇಲೆ, "ಒಂದ್ ವರ್ಷನಾದ್ರೂ ಊರೋರೆಲ್ಲ ಹುಣಸೆ ಇಟ್ಕೊಂಡಿದ್ರೆ, ಗೊತ್ತಾಗ್ದೇ ಬಂದುಬಿಡ್ತಿದ್ದೆ" ಅಂದಳು. ಶಾಲೆಯ ಜಗುಲಿಯ ಮೇಲಿನ ಹೆಂಗಸರ ಆ ನಗು ನನ್ನ ಕಿವಿಯಲ್ಲಿ ಕೇಳಿಸಿತು.

ಬೀದಿಯ ಮನೆಗಳೆಲ್ಲ ದೀಪ ಹಚ್ಚಿ ಮುಗಿಸಿದ್ದವು. ನಮ್ಮ ಮುಂದೆ ಹಣತೆ ಎಣ್ಣೆಬತ್ತಿ ಸಮೇತ ಹಾಗೇ ಇತ್ತು. ಹಾಡು ಅರ್ಧಕ್ಕೆ ನಿಂತಿತ್ತಲ್ಲ, ಇಂದ್ರಾಣಿ ಕಲಿಂಬಾ ತೊಡೆಯ ಮೇಲೆ ಇಟ್ಟುಕೊಂಡು ಎರಡನೆಯ ಸಾಲಿನಿಂದ ಎತ್ತಿಕೊಂಡು ಕೊನೆಯವರೆಗೂ ನುಡಿಸಿದಳು. ಎಡ ಹೆಬ್ಬೆರಳು ಅದೇ ಭಾರ. ನಾನು ತಿದ್ದಲಿಲ್ಲ.

ಮುಗಿಸಿದ ಮೇಲೆ ಕೇಳಿದಳು: "ಪ್ರತಿ ವರ್ಷ ಅವ್ವ ಏನಂತ ಕೇಳ್ತಿದ್ಲು?"

"ಅಲುಗ್ತಾ ಸಾಕೂ, ಅಂತ."

"ನೀನೇನಂತಿದ್ದೆ?"

"ಅಲುಗ್ತು ಕಣಕ್ಕ, ಅಂತಿದ್ದೆ."

"ಆಮೇಲೆ ಅವ್ವ ಏನ್ ಮಾಡ್ತಿದ್ಲು?"

"ಒಂದ್ ಸೇರು ಪುರಿ ತಂದು ನನ್ ಮಡ್ಲಿಗೆ ಹಾಕ್ತಿದ್ಲು."

ಅವಳು ಎದ್ದು ಒಳಗೆ ಹೋದಳು. ಡಬ್ಬದ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಅವ್ವನ ಸೇರಿನಲ್ಲಿ ಅಂಚು ಮೀರುವಂತೆ ಪುರಿ ತುಂಬಿಕೊಂಡು ಬಂದು ನನ್ನ ಮುಂದೆ ನಿಂತಳು. "ಸೆರಗು ಹಿಡಿ" ಅಂದಳು. ನಾನು ತಲೆ ಅಲ್ಲಾಡಿಸಿದೆ. "ಹಿಡಿ ಚಿಕ್ಕವ್ವ. ಈ ವರ್ಷ ನಿಜವಾಗ್ಲೂ ಅಲುಗೈತಲ್ಲ."

ಹಿಡಿದೆ. ಅವಳು ಸುರಿದು, ಸೇರನ್ನು ಒಳಗಿಟ್ಟು ಬಂದು, ಹಣತೆ ಹಚ್ಚಿದಳು. ಬಟ್ಟಿ ಉರಿಯದೆ ಹತ್ತು ದಿನವಾಗಿತ್ತು, ಪುರಿ ಮೆತ್ತಗಾಗಿತ್ತು.